ತಂದೆಯವರು ಚೇತರಿಸಿಕೊಂಡ ವರ್ಷದ ದೀಪಾವಳಿ: ಹರಕೆಯನ್ನು ಈಗಲೇ ತೀರಿಸಬೇಕೆ?

ಪ್ರಶ್ನೆ (ಸಾಗರದ ಕಡೆಯವನು, ಸದ್ಯ ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರಿಗೆ 67 ವರ್ಷ. ಆರು ವಾರಗಳ ಹಿಂದೆ ಅವರಿಗೆ ಬೈಪಾಸ್ ಶಸ್ತ್ರಚಿಕಿತ್ಸೆಯಾಯಿತು. ಅವರನ್ನು ಒಳಗೆ ಕರೆದೊಯ್ದ ಬೆಳಿಗ್ಗೆ ನಮ್ಮ ತಾಯಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತುಕೊಂಡೇ, ಇವರು ಎದ್ದು ಮನೆಗೆ ಬಂದರೆ ಧರ್ಮಸ್ಥಳದಲ್ಲಿ ತುಲಾಭಾರ ಮಾಡಿಸುತ್ತೇನೆಂದು ಮಂಜುನಾಥಸ್ವಾಮಿಗೆ ಹರಕೆ ಹೊತ್ತರು. ಈಗ ತಂದೆಯವರು ಊರಿನ ಮನೆಯಲ್ಲಿದ್ದಾರೆ. ಜಗಲಿಯಿಂದ ತೋಟದ ದಣಪೆಯವರೆಗೆ ನಡೆದು ಬರುತ್ತಾರೆ; ಕೆಮ್ಮು ಬಂದರೆ ಮಾತ್ರ ಪಕ್ಕದಲ್ಲಿಟ್ಟ ಪುಟ್ಟ ದಿಂಬನ್ನು ಎದೆಗೆ ಅವಚಿಕೊಳ್ಳುತ್ತಾರೆ.

ದೀಪಾವಳಿಗೆ ಇನ್ನೊಂದು ವಾರವಿದೆ. ಹರಕೆಯನ್ನು ಹಬ್ಬದೊಳಗೆ ತೀರಿಸದಿದ್ದರೆ ದೋಷವೆಂಬ ಅಳುಕು ತಾಯಿಗೆ, ಆಗುಂಬೆ ಘಟ್ಟದ ತಿರುವುಗಳಲ್ಲಿ ಅವರನ್ನು ಕರೆದುಕೊಂಡು ಹೋಗುವ ಹೆದರಿಕೆ ನನಗೆ. ಇನ್ನೊಂದು ಮಾತು: ಶಸ್ತ್ರಚಿಕಿತ್ಸೆಯಲ್ಲಿ ತಂದೆಯವರಿಗೆ ಕೊಟ್ಟ ರಕ್ತ ಯಾರದೆಂದು ನಮಗೆ ಗೊತ್ತಿಲ್ಲ. ದೇವರಿಗಾದರೆ ಹರಕೆಯಿದೆ, ಆ ಅಪರಿಚಿತರ ಋಣವನ್ನು ತೀರಿಸುವುದು ಹೇಗೆ?

ಉತ್ತರ 1 (ಪುತ್ತೂರಿನ ಗೃಹಿಣಿ)

ತಮ್ಮ, ನಿಮ್ಮ ತಾಯಿಯವರಿಗೆ ಹೇಳಿ, ಹರಕೆಗೆ ಹಬ್ಬದ ಗಡುವಿಲ್ಲ. ನಮ್ಮಲ್ಲಿ ತಡವಾಗುವ ಹರಕೆಗೆ ಮುಡಿಪು ಕಟ್ಟಿಡುವ ಪದ್ಧತಿಯಿದೆ: ಅರಿಸಿನ ಹಚ್ಚಿದ ಬಟ್ಟೆಯಲ್ಲಿ ಒಂದು ನಾಣ್ಯವಿಟ್ಟು, "ಮರೆತಿಲ್ಲ, ಬರುತ್ತೇವೆ" ಎಂದು ಪ್ರಾರ್ಥಿಸಿ ದೇವರ ಕೋಣೆಯಲ್ಲಿಟ್ಟರೆ ಆಯಿತು, ಹೋಗುವ ದಿನ ಅದನ್ನೇ ಕಾಣಿಕೆ ಡಬ್ಬಿಗೆ ಹಾಕುತ್ತಾರೆ. ನನ್ನ ಅತ್ತೆಯವರ ಮುಡಿಪು ಹನ್ನೊಂದು ತಿಂಗಳು ಹಾಗೆಯೇ ಇತ್ತು, ಮನೆಯಲ್ಲಿ ಯಾರಿಗೂ ಏನೂ ಆಗಲಿಲ್ಲ.

ತುಲಾಭಾರದಲ್ಲಿ ಒಂದು ತಟ್ಟೆಯಲ್ಲಿ ಅವರು ಕೂರಬೇಕು, ಇನ್ನೊಂದರಲ್ಲಿ ಅಕ್ಕಿಯೋ ಬೆಲ್ಲವೋ ತೆಂಗಿನಕಾಯಿಯೋ ಅವರ ತೂಕಕ್ಕೆ ಸಮನಾಗಿ ಏರಬೇಕು. ಹತ್ತಿ ಇಳಿಯುವಾಗ ಕೈಯೂರಿ ಮೈಭಾರ ಹಾಕಬೇಕಾಗುತ್ತದೆ, ಕೂಡುತ್ತಿರುವ ಎದೆಮೂಳೆಗೆ ಅದು ಒಳ್ಳೆಯದಲ್ಲ. ಅವರಿಗೆ ಸಕ್ಕರೆ ಕಾಯಿಲೆಯಿದ್ದರೂ ಬೆಲ್ಲವನ್ನೇ ತೂಗಿಸಬಹುದು, ತಿನ್ನುವುದಷ್ಟೇ ಬೇಡ.

ಉತ್ತರ 2 (ರಕ್ತನಿಧಿಯಲ್ಲಿ ತಂತ್ರಜ್ಞ)

ಮೇಲಿನ ಅಕ್ಕನವರ ಮಾತು ಸರಿ. ಕತ್ತರಿಸಿದ ಎದೆಮೂಳೆ ಗಟ್ಟಿಯಾಗಿ ಕೂಡಲು ಸಾಮಾನ್ಯವಾಗಿ ಎರಡರಿಂದ ಮೂರು ತಿಂಗಳು ಬೇಕು. ದೂರದ ಪ್ರಯಾಣವಿರಲಿ, ಹಬ್ಬದ ಎಣ್ಣೆಸ್ನಾನವಿರಲಿ, ಗಾಯ ನೋಡಿದ ವೈದ್ಯರನ್ನು ಕೇಳಿಯೇ ಮಾಡಿ.

ರಕ್ತದಾನಿಯ ಹೆಸರನ್ನು ನಾವು ರೋಗಿಯ ಕಡೆಯವರಿಗೆ ತಿಳಿಸುವುದಿಲ್ಲ. ಆ ಋಣವನ್ನು ನೀವು ಇನ್ನೊಬ್ಬ ಅಪರಿಚಿತರಿಗೆ ತೀರಿಸಬಹುದು, ಅದಕ್ಕೆ ದೀಪಾವಳಿಗಿಂತ ತಕ್ಕ ಕಾಲವಿಲ್ಲ. ರಜೆಯಲ್ಲಿ ಕಾಲೇಜು, ಕಚೇರಿಗಳು ಮುಚ್ಚಿ ಶಿಬಿರಗಳು ನಿಲ್ಲುತ್ತವೆ, ಆದರೆ ಅಪಘಾತ, ಹೆರಿಗೆಗಳಿಗೆ ರಜೆಯಿಲ್ಲ. ಕೆಂಪು ರಕ್ತಕಣಗಳನ್ನು ಶೀತಲದಲ್ಲಿ 35ರಿಂದ 42 ದಿನ ಇಡಬಹುದಾದರೂ ಪ್ಲೇಟ್‌ಲೆಟ್ ಉಳಿಯುವುದು 5 ದಿನ ಮಾತ್ರ. ಹಬ್ಬದ ವಾರ ಮುಗಿಯುವ ಹೊತ್ತಿಗೆ ನಮ್ಮ ಕಪಾಟು ಖಾಲಿಯಾಗಲು ಅದೇ ಕಾರಣ. ನಿಮಗೆ 18 ತುಂಬಿ 65 ದಾಟಿರದಿದ್ದರೆ, ತೂಕ 45 ಕೆ.ಜಿ.ಗೆ, ಹಿಮೋಗ್ಲೋಬಿನ್ 12.5ಕ್ಕೆ ಕಡಿಮೆಯಿಲ್ಲದಿದ್ದರೆ ಬನ್ನಿ. ಉಳಿದ ತಪಾಸಣೆಯನ್ನು ನಾವು ಮಾಡುತ್ತೇವೆ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು.

ಉತ್ತರ 3 (ಧಾರವಾಡದ ನಿವೃತ್ತ ಶಿಕ್ಷಕ)

ನಾನೂ ಆರು ವರ್ಷಗಳ ಹಿಂದೆ ಇದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವನು. ಆ ವರ್ಷದ ಹಬ್ಬಕ್ಕೆ ಬಂದವರೆಲ್ಲರೂ ನನ್ನ ಆರೋಗ್ಯ ವಿಚಾರಿಸಿ, ಹಣ್ಣು ಕೊಟ್ಟು, ದೇವರು ದೊಡ್ಡವನೆಂದು ಹೇಳಿ ಹೋದರು. ಎರಡು ತಿಂಗಳು ರಾತ್ರಿ ಮೂರು ಬಾರಿ ಎದ್ದು ನನ್ನ ಉಸಿರನ್ನು ಆಲಿಸುತ್ತಿದ್ದ ನನ್ನಾಕೆಯನ್ನು ಒಬ್ಬರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕಾರ್ತಿಕ ಮುಗಿಯುವುದರೊಳಗೆ ಆಕೆ ಅಡುಗೆಮನೆಯಲ್ಲಿ ತಲೆಸುತ್ತಿ ಬಿದ್ದಾಗ ಅಳೆದ ರಕ್ತದೊತ್ತಡ 190 ಇತ್ತು. ನೀವು ತುಲಾಭಾರದ ದಿನಾಂಕ ಹುಡುಕುವ ಮೊದಲು ನಿಮ್ಮ ತಾಯಿಯವರನ್ನು ತಪಾಸಣೆಗೆ ಕರೆದೊಯ್ಯಿರಿ.

ಪ್ರಶ್ನೆ ಕೇಳಿದವರಿಂದ (ಹಬ್ಬದ ನಂತರ)

ಮೂವರಿಗೂ ಕೃತಜ್ಞತೆಗಳು. ಹೊರಡುವ ಮುನ್ನ ಬೆಂಗಳೂರಿನಲ್ಲಿಯೇ ಮೊದಲ ಬಾರಿಗೆ ರಕ್ತ ಕೊಟ್ಟೆ. ತಾಯಿಯವರ ರಕ್ತದೊತ್ತಡ ಸರಿಯಾಗಿದೆ. ಹಿಮೋಗ್ಲೋಬಿನ್ ಒಂಬತ್ತಕ್ಕೆ ಇಳಿದಿದ್ದುದರಿಂದ ವೈದ್ಯರು ಕಾರಣ ಹುಡುಕಲು ಇನ್ನಷ್ಟು ಪರೀಕ್ಷೆ ಬರೆದು ಮಾತ್ರೆ ಕೊಟ್ಟಿದ್ದಾರೆ. ನನ್ನನ್ನು ಕೇಳುತ್ತಿದ್ದರೆ "ಚೆನ್ನಾಗಿಯೇ ಇದ್ದಾರೆ" ಎನ್ನುತ್ತಿದ್ದೆ.

ನೀರು ತುಂಬುವ ಹಬ್ಬದ ಸಂಜೆ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಹಿಂಡಲೆ ಬಳ್ಳಿ ಸುತ್ತಿದೆವು. ಬಾವಿಯಿಂದ ನೀರು ಸೇದುವುದು ಪ್ರತಿವರ್ಷವೂ ತಂದೆಯವರ ಕೆಲಸ. ಈ ಬಾರಿಯೂ ಅವರು ಹಗ್ಗವನ್ನೊಮ್ಮೆ ಮುಟ್ಟಿ, ಏನೂ ಹೇಳದೆ ನನ್ನ ಕೈಗೆ ಕೊಟ್ಟು, ಕಟ್ಟೆಯ ಮೇಲೆ ಕುಳಿತು ಕೊಡಗಳನ್ನು ಎಣಿಸಿದರು. ನಾನು ಹನ್ನೆರಡಕ್ಕೆ ನಿಲ್ಲಿಸಿದಾಗ "ಇನ್ನೂ ಎರಡು ಹಿಡಿಸುತ್ತದೆ" ಎಂದರು. ಹಿಡಿಸಿತು. ಮುಡಿಪು ದೇವರ ಕೋಣೆಯಲ್ಲಿದೆ, ಸಂಕ್ರಾಂತಿ ಕಳೆದ ಮೇಲೆ ವೈದ್ಯರನ್ನು ಕೇಳಿ ಹೊರಡುತ್ತೇವೆ. ತಾಯಿಯವರು ಬೆಲ್ಲವನ್ನೇ ತೂಗಿಸುವುದೆಂದು ನಿರ್ಧರಿಸಿದ್ದಾರೆ.