ಸಹಾಯ ಬೇಕು: ಪ್ರೌಢಶಾಲೆಯ ಗ್ರಂಥಾಲಯಕ್ಕೆ ಐತಿಹಾಸಿಕ ಕಾದಂಬರಿಗಳು

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಗ್ರಂಥಾಲಯದ ಹೊಣೆ ಹೊತ್ತಿರುವ ಶಿಕ್ಷಕಿ. ಎಂಟರಿಂದ ಹತ್ತನೆಯ ತರಗತಿಯ ಮಕ್ಕಳಿಗೆ ಒಪ್ಪುವ ಐತಿಹಾಸಿಕ ಕಾದಂಬರಿಗಳನ್ನು ಸೂಚಿಸಬೇಕೆಂದು ತಮ್ಮಲ್ಲಿ ವಿನಂತಿ.

ಆನೆಗುಂದಿಯ ಕೋಟೆಗೋಡೆಗಳ ನಡುವೆ ಓಡಾಡಿ ಬೆಳೆದ, ಕುಮ್ಮಟದುರ್ಗದ ಕುಮಾರರಾಮನ ಕಥೆಯನ್ನು ಅಜ್ಜಿಯರ ಬಾಯಿಂದ ಕೇಳಿದ ಈ ಮಕ್ಕಳಿಗೆ, ವಿಜಯನಗರ ಸೋತ 1565ರ ತಾಳಿಕೋಟೆ ಯುದ್ಧವು ಪರೀಕ್ಷೆಗೆ ನೆನಪಿಡಬೇಕಾದ ಒಂದು ಇಸವಿಯಾಗಿಯಷ್ಟೇ ಉಳಿಯುವುದು ನನಗೆ ನೋವಿನ ಸಂಗತಿ. ತ.ರಾ.ಸು. ಅವರ ‘ದುರ್ಗಾಸ್ತಮಾನ’ವನ್ನು ಕೊಟ್ಟು ನೋಡಿದೆ, ಹತ್ತನೆಯ ತರಗತಿಯ ಇಬ್ಬರು ಆಸೆಯಿಂದ ಓದಿ ಮುಗಿಸಿದರು, ಉಳಿದವರು ಅದರ ಗಾತ್ರ ನೋಡಿಯೇ ಹಿಂದಿರುಗಿಸಿದರು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ನನಗೆ ಬಹಳ ಪ್ರಿಯವಾದರೂ, ಅದರಲ್ಲಿ ಬರುವ ಕೊಡಗಿನ ಅರಮನೆಯ ಕ್ರೌರ್ಯವನ್ನು ಹದಿಮೂರರ ಮಕ್ಕಳ ಕೈಗಿಡಲು ಮನಸ್ಸು ಒಪ್ಪುತ್ತಿಲ್ಲ.

ಇನ್ನೂರು ಪುಟಗಳ ಒಳಗಿನ, ರಾಜರಷ್ಟೇ ಅಲ್ಲದೆ ಕಲ್ಲುಕುಟಿಗರು, ರೈತರು, ಹೆಣ್ಣುಮಕ್ಕಳು ಜೀವಂತವಾಗಿ ಬರುವ ಕೃತಿಗಳಿದ್ದರೆ ತಿಳಿಸಿ. 1858ರಲ್ಲಿ ಕೊಪ್ಪಳದ ಕೋಟೆಯಲ್ಲಿ ಬ್ರಿಟಿಷರೊಡನೆ ಹೋರಾಡಿ ಮಡಿದ ಮುಂಡರಗಿ ಭೀಮರಾಯರನ್ನು ಕುರಿತ ಕಾದಂಬರಿಯಿದ್ದರೆ ಅದನ್ನೇ ಮೊದಲು ತರಿಸುತ್ತೇನೆ. ಅನುವಾದಗಳೂ ಆಗಬಹುದು. ಪುಸ್ತಕದ ಹೆಸರಿನೊಂದಿಗೆ ಪ್ರಕಾಶಕರನ್ನೂ, ಪ್ರತಿಗಳು ಈಗ ಎಲ್ಲಿ ದೊರೆಯುತ್ತವೆ ಎಂಬುದನ್ನೂ ದಯವಿಟ್ಟು ಬರೆಯಿರಿ.