ಫಿಸಿಯಾಲಜಿ, ಮಾಲಿಕ್ಯುಲರ್ ಬಯಾಲಜಿ ಎರಡೂ ಸೇರಿದ ಪಿಎಚ್‌.ಡಿ.: ಮಾಡಿದವರು ಹೇಳಿ

ಪ್ರಶ್ನೆ: ಎಂ.ಎಸ್ಸಿ. ಮುಗಿಯುತ್ತಾ ಬಂದಿದೆ, ಮುಂದೆ ಪಿಎಚ್‌.ಡಿ. ಮಾಡಬೇಕೆಂದಿದ್ದೇನೆ. ಎರಡು ಜೀನ್ ತೆಗೆದ ನಾಕೌಟ್ ಇಲಿಗಳಲ್ಲಿ ಹೃದಯದ ಬಡಿತ ಅಳೆಯುವುದು, ಆಮೇಲೆ ಅದೇ ಹೃದಯದಿಂದ ಆರ್‌ಎನ್‌ಎ, ಪ್ರೋಟೀನ್ ತೆಗೆದು ನೋಡುವುದು. ಗೈಡ್ ಹೇಳಿರುವ ವಿಷಯ ಇದು. ಲ್ಯಾಬ್ ಸೇರುವ ಮುಂಚೆ ಏನೇನು ಯೋಚಿಸಬೇಕು?

ಉತ್ತರ 1: ‘ಅದೇ ಹೃದಯದಿಂದ’ ಅಂದಿರಲ್ಲ, ನಾನು ಸಿಕ್ಕಿಹಾಕಿಕೊಂಡಿದ್ದು ಅಲ್ಲೇ. ಲಾಂಗೆನ್‌ಡಾರ್ಫ್ ವಿಧಾನ 1895ರಿಂದ ಇದೆ. ಹೃದಯ ಹೊರತೆಗೆದು, ಮಹಾಪಧಮನಿಗೆ ನಳಿಗೆ ಕಟ್ಟಿ, ಆಮ್ಲಜನಕ ಬೆರೆತ ಬೆಚ್ಚಗಿನ ದ್ರಾವಣ ಹರಿಸಿದರೆ ಅದು ಹೊರಗೇ ಬಡಿಯುತ್ತಿರುತ್ತದೆ. ಮೊದಲ ಸಲ ನೋಡಿದಾಗ ಮೈ ಜುಮ್ಮೆಂದಿತ್ತು. ಆದರೆ ಆ ಹೊತ್ತಿನಲ್ಲಿ ಕೋಶಗಳು ಸುಮ್ನೆ ಇರುವುದಿಲ್ಲ. ಒತ್ತಡಕ್ಕೆ ತಟ್ಟನೆ ಎಚ್ಚರಗೊಳ್ಳುವ ಫಾಸ್‌ನಂಥ ಜೀನ್‌ಗಳ ಆರ್‌ಎನ್‌ಎ ಅರ್ಧ ಗಂಟೆಯಲ್ಲೇ ಏರಿಬಿಡಬಹುದು. ಗಂಟೆಗಟ್ಟಲೆ ಅಳೆದು ಆಮೇಲೆ ಆರ್‌ಎನ್‌ಎ ತೆಗೆದರೆ, ಕಂಡ ಬದಲಾವಣೆ ಇಲಿಯದೋ ಪ್ರಯೋಗದ್ದೋ ಎಂದು ಬಿಡಿಸಿ ಹೇಳುವುದು ಕಷ್ಟ. ನನ್ನ ಎರಡನೇ ವರ್ಷದ ಸ್ಯಾಂಪಲ್‌ಗಳೆಲ್ಲ ಹೀಗೇ ಹೋದವು. ತುಂಬಾ ಅತ್ತಿದ್ದೇನೆ.

ಬಡಿತ ಅಳೆಯಲು ಒಂದು ಗುಂಪು, ಆರ್‌ಎನ್‌ಎಗೆ ಇನ್ನೊಂದು ಗುಂಪು ಇಟ್ಟುಕೊಳ್ಳಿ. ಎರಡನೇ ಗುಂಪಿನ ಹೃದಯವನ್ನು ತೆಗೆದ ಕೂಡಲೇ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ, ಮೈನಸ್ 80 ಡಿಗ್ರಿಯಲ್ಲಿಡಿ. ದಿನದ ಹೊತ್ತೂ ಒಂದೇ ಇರಲಿ. ಹೃದಯದ ಎಷ್ಟೋ ಜೀನ್‌ಗಳು ಹಗಲು ರಾತ್ರಿಯ ಜೊತೆ ಏರಿಳಿಯುತ್ತವೆ. ನಾಕೌಟ್ ಬೆಳಿಗ್ಗೆ, ಹೋಲಿಕೆಯ ಇಲಿ ಸಂಜೆ ಅಂತ ಮಾಡಬೇಡಿ.

ಉತ್ತರ 2: ಮೇಲಿನವರು ಹೇಳಿದ್ದು ಸರಿ. ಆದರೆ ಎರಡು ಗುಂಪು ಎಂದರೆ ಇಲಿಗಳೂ ದುಪ್ಪಟ್ಟು ಬೇಕು, ಅಲ್ವಾ? ಈ ಲೆಕ್ಕವನ್ನು ನಾನು ತಡವಾಗಿ ಹಾಕಿದೆ. ಇಲಿಗೆ ಗರ್ಭ ಸುಮಾರು 20 ದಿನ. ಹುಟ್ಟಿದ ಮರಿ ಬೆದೆಗೆ ಬರಲು 6ರಿಂದ 8 ವಾರ. ಒಂದು ತಲೆಮಾರಿಗೆ ಎರಡೂವರೆ, ಮೂರು ತಿಂಗಳು ಹಿಡಿಯಿತು ಅಂತಿಟ್ಟುಕೊಳ್ಳಿ. ಎರಡೂ ಜೀನ್‌ಗಳಲ್ಲಿ ಒಂದೊಂದು ಪ್ರತಿ ಮಾತ್ರ ಕೆಟ್ಟಿರುವ ಗಂಡು ಹೆಣ್ಣನ್ನು ಕೂಡಿಸಿದರೆ, ಜೀನ್‌ಗಳು ಬೇರೆ ಬೇರೆ ಕ್ರೋಮೊಸೋಮ್‌ನಲ್ಲಿದ್ದಾಗ, ನಿಮಗೆ ಬೇಕಾದ ಮರಿ ಸರಾಸರಿ 16ರಲ್ಲಿ ಒಂದು. ಗಂಡು ಮರಿಯೇ ಬೇಕೆಂದರೆ 32ರಲ್ಲಿ ಒಂದು. ಒಂದು ಸೂಲಿಗೆ ಆರೋ ಎಂಟೋ ಮರಿ ಅಷ್ಟೇ. ಕೆಲವು ಜೀನ್ ಇಲ್ಲದಿದ್ದರೆ ಮರಿ ಹೊಟ್ಟೆಯಲ್ಲೇ ಸಾಯುತ್ತದೆ. ಹೋಲಿಕೆಗೆ ಅದೇ ಸೂಲಿನ ಒಡಹುಟ್ಟುಗಳು ಸಿಕ್ಕರೆ ಒಳ್ಳೆಯದು. ಪ್ರಾಣಿ ಪ್ರಯೋಗದ ಅನುಮತಿ ಕೈಗೆ ಬರುವವರೆಗೆ ಇದ್ಯಾವುದನ್ನೂ ಶುರುಮಾಡುವಂತಿಲ್ಲ.

ನನಗೆ ಒಂದು ವರ್ಷಕ್ಕೂ ಜಾಸ್ತಿ ಕಾಯುವುದರಲ್ಲೇ ಕಳೆಯಿತು. ಆ ಹೊತ್ತಿಗೆ ಕೋಶಗಳ ಮೇಲೆ ಮಾಡಬಹುದಾದ ಒಂದು ಸಣ್ಣ ಪ್ರಶ್ನೆಯನ್ನು ಮೊದಲೇ ಗೈಡ್ ಹತ್ತಿರ ಕೇಳಿಟ್ಟುಕೊಂಡಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ.

ಉತ್ತರ 3: ನನ್ನದು ಎರಡೇ ಮಾತು. ಒಂದೇ ಹೃದಯದಿಂದ 40 ಕೋಶ ಅಳೆದರೂ ಅದು ಒಂದೇ ಇಲಿ. ಅದನ್ನು 40 ಎಂದು ಎಣಿಸಿ ಪೇಪರ್ ಕಳಿಸಿದ್ದೆವು, ವಾಪಸ್ ಬಂತು. ಇನ್ನೊಂದು, ಇಲಿಯ ಮಹಾಪಧಮನಿ ಒಂದು ಮಿಲಿಮೀಟರ್ ಆಸುಪಾಸು ಅಗಲ. ಅದಕ್ಕೆ ನಳಿಗೆ ಕಟ್ಟುವುದನ್ನು ಪಕ್ಕದಲ್ಲಿ ನಿಂತು ಯಾರಾದರೂ ಕಲಿಸಲೇಬೇಕು. ಕಲಿಸುವವರು ಲ್ಯಾಬಿನಲ್ಲಿ ಈಗ ಇದ್ದಾರೋ, ಡಿಗ್ರಿ ಮುಗಿಸಿ ಹೋಗಿಬಿಟ್ಟರೋ ಕೇಳಿ. ಅಲ್ಲಿಂದ ಹೊರಬಂದ ಹಳೆಯ ವಿದ್ಯಾರ್ಥಿಗಳು ಬಿಚ್ಚುಮನಸ್ಸಿನಿಂದ ಹೇಳುತ್ತಾರೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಶುಕ್ರವಾರ ಗೈಡ್ ಸಿಗುತ್ತಾರೆ. ಎರಡೂ ಜೀನ್ ಇಲ್ಲದ ಇಲಿಗಳು ಈಗಾಗಲೇ ಇವೆಯೋ, ನಾನೇ ಕೂಡಿಸಬೇಕೋ, ಮೊದಲು ಅದನ್ನೇ ಕೇಳುತ್ತೇನೆ.