ಅಪ್‌ಡೇಟ್: ಪ್ರೊಜೆಕ್ಟರ್ ಚಿತ್ರ ಕಪ್ಪಾಗೋದು ನಿಂತಿತು

ವಿರಾಜಪೇಟೆ ಮನೆಯಲ್ಲಿ ಪ್ಲೇಯರ್‌ನಿಂದ ಪ್ರೊಜೆಕ್ಟರ್‌ಗೆ 15 ಮೀಟರ್ ಎಚ್‌ಡಿಎಂಐ (ಚಿತ್ರ, ಧ್ವನಿ ಒಯ್ಯೋ) ಕೇಬಲ್ ಎಳೆದರೆ 4ಕೆ (ಅತಿ ಸ್ಪಷ್ಟ) ಚಿತ್ರ ಆಗಾಗ ಕಪ್ಪಾಗ್ತಿದೆ ಅಂತ ಕೇಳಿದ್ದೆನಲ್ಲ, ಈಗ ಸರಿಹೋಯ್ತು.

ಚಿನ್ನದ ಲೇಪನದ ದುಬಾರಿ ತಾಮ್ರದ ಕೇಬಲ್ ಹಾಕಿದರೂ ಅದೇ ಕಥೆ. ಸ್ಪಷ್ಟತೆ ಕಡಿಮೆ ಇರೋ 1080ಪಿಗೆ ಇಳಿಸಿ ನೋಡಿ ಅಂದವರ ಮಾತಿನಿಂದ ಜಾಡು ಸಿಕ್ಕಿತು: ಚಿತ್ರ ಒಮ್ಮೆಯೂ ಹೋಗಲಿಲ್ಲ. 4ಕೆ 60 ಹರ್ಟ್ಸ್‌ಗೆ (ಸೆಕೆಂಡಿಗೆ 60 ಚಿತ್ರ) 18 ಜಿಬಿಪಿಎಸ್ (ಸೆಕೆಂಡಿಗೆ 18 ಗಿಗಾಬಿಟ್ ಮಾಹಿತಿ) ತಡೆದುಕೊಳ್ಳೋ ಕೇಬಲ್ ಬೇಕು. ಇಷ್ಟುದ್ದದ ಸಾದಾ ತಾಮ್ರಕ್ಕೆ ಅದು ಕಷ್ಟ.

ಕೊನೆಗೆ ಕೈ ಹಿಡಿದದ್ದು ಕುಶಾಲನಗರದ ಅಣ್ಣ ಹೇಳಿದ ಆಪ್ಟಿಕಲ್ ಫೈಬರ್ ಎಚ್‌ಡಿಎಂಐ, ಅಂದರೆ ಮಾಹಿತಿಯನ್ನು ಬೆಳಕಿನ ಮೂಲಕ ಸಾಗಿಸೋ ಕೇಬಲ್. ಇದಕ್ಕೆ ದಿಕ್ಕಿದೆ ಅನ್ನೋದೇ ನನಗೆ ಹೊಸದು! 'ಸೋರ್ಸ್' ತುದಿ ಪ್ಲೇಯರ್‌ಗೆ, 'ಡಿಸ್‌ಪ್ಲೇ' ತುದಿ ಪ್ರೊಜೆಕ್ಟರ್‌ಗೆ. ಅದಲುಬದಲಾದರೆ ಚಿತ್ರವೇ ಬರಲ್ಲ. ಹಂಚಿನಡಿ ಎಳೆಯೋ ಮೊದಲೇ ನೆಲದ ಮೇಲೆ ಹಾಸಿ ಪರೀಕ್ಷಿಸಿಬಿಡಿ. ಸಿಡಿಲು ಬಂದರೆ ಪ್ಲಗ್ ಕೀಳೋದು ಮಾತ್ರ ತಪ್ಪಲ್ಲ, ಇಂಥ ಹಲವು ಕೇಬಲ್‌ಗಳೊಳಗೂ ವಿದ್ಯುತ್ ಹರಿಯೋ ತಾಮ್ರದ ಎಳೆಗಳಿರ್ತವೆ.